ಜೆಲಿಪಾ ಬೈದ ದಿನ

ಜೆಲಿಪಾ ತೆಂಬೊ ನಮ್ಮೂರು ಕಾಬ್ವೆಗೆ ಬಂದಿಳಿದಾಗ ಬಸ್ ನಿಲ್ದಾಣದಲ್ಲಿ ನಡೆದದ್ದನ್ನು ಮೊದಲು ಹೇಳಬೇಕು. ಅವಳೆಂಥ ಹೆಣ್ಣು ಎಂಬುದೆಲ್ಲ ಅದರಲ್ಲೇ ಇದೆ. ತಗಡಿನ ಟ್ರಂಕು, ಒಂದು ಚಾಪೆ, ಹಗ್ಗ ಬಿಗಿದ ಪುಸ್ತಕದ ಗಂಟು, ಇಷ್ಟನ್ನು ಚಿಪಾಟದ ಬಸ್ಸಿನಿಂದ ಇಳಿಸಿಕೊಂಡು ಕೈಗಾಡಿಯವನನ್ನು ಕೂಗಿದಳು. ಅವನು ಬೆಂಬಾ ಕುಲದವನು. ಸಾಮಾನಿಗೆ ಕೈ ಹಾಕುವ ಮೊದಲು ಯಾವ ಮನೆತನ ಎಂದು ಕೇಳಿದ. ತೆಂಬೊ ಎಂದಳು. ಅಂದರೆ ಪೂರ್ವ ಸೀಮೆಯವಳು, ಅಂಗೋನಿ ಕುಲದವಳು. ಅವನು ಚಾಚಿದ ಕೈ ಹಿಂದಕ್ಕೆಳೆದು, ಗಾಡಿಯ ಮೇಲೆ ತಾನೇ ಹತ್ತಿ ಕಾಲು ಚಾಚಿ ಮಲಗಿಬಿಟ್ಟ.

"ಅಂತೂ ನನ್ನ ಆಳು ಬಂದ್ಲು. ತಳ್ಳು ಗಾಡೀನ. ಮನೆ ಬರೋ ತನಕ ಒಂದು ನಿದ್ದೆ ಮಾಡ್ತೀನಿ," ಅಂದ.

ಜೆಲಿಪಾ ಗಾಡಿಯ ಹಿಡಿ ಹಿಡಿದು ನಿಜಕ್ಕೂ ತಳ್ಳಿದಳು, ನೆಟ್ಟಗೆ ಕಸದ ಗುಂಡಿಯ ಕಡೆಗೆ. "ಕೋತಿ ತಿಂದು ತಿಂದು ಮೈ ಭಾರ ಆಗಿದೆ ನಿಂಗೆ. ಇಲ್ಲಿ ಸುರಿದುಬಿಟ್ರೆ ನಿನ್ನ ನೆಂಟರೇ ಮರದಿಂದ ಇಳಿದು ಎತ್ಕೊಂಡು ಹೋಗ್ತಾರೆ ಬಿಡು."

ನಿಲ್ದಾಣದಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ಗುಂಡಿಯ ಅಂಚಿನಲ್ಲಿ ಹಾರಿ ಇಳಿದು, ಸಾಮಾನು ಹೇರಿಕೊಂಡು ನಮ್ಮ ಮನೆಯ ತನಕ ತಂದು ಮುಟ್ಟಿಸಿದ. ದಾರಿಯುದ್ದಕ್ಕೂ ಇಬ್ಬರೂ ಬೈದಾಡಿಕೊಂಡೇ ಬಂದರು. ನನ್ನ ಹಿತ್ತಲ ಕೋಣೆಗೆ ಬಾಡಿಗೆಗೆ ಬರುವವಳ ದನಿಯನ್ನು ಮುಖ ಕಾಣುವ ಮೊದಲೇ ಬೇಲಿಯಾಚೆಯಿಂದ ಕೇಳಿದೆ.

ಇದಕ್ಕೆ ನಮ್ಮಲ್ಲಿ ಚಿಂಬೂಯ ಎನ್ನುತ್ತೇವೆ. ಬೆಂಬಾದವರೂ ದಕ್ಷಿಣದಿಂದ ಗುಳೆ ಬಂದ ಅಂಗೋನಿಯವರೂ ಮುತ್ತಜ್ಜಂದಿರ ಕಾಲದಲ್ಲಿ ಈಟಿ ಹಿಡಿದು ಬಡಿದಾಡಿದವರು. ಸಾಕೆನಿಸಿದಾಗ ಈಟಿ ಕೆಳಗಿಟ್ಟರು, ನಾಲಿಗೆಯನ್ನು ಮಾತ್ರ ಕೆಳಗಿಡಲಿಲ್ಲ. ಅಂದಿನಿಂದ ಅವರಿಗಿವರು ಬೈಗುಳದ ನೆಂಟರು. ಅತ್ತೆಯ ಮಗಳನ್ನು ಸೋದರಮಾವನ ಮಗ ಗೋಳುಹೊಯ್ದುಕೊಂಡ ಹಾಗೆ, ಎದುರಾದಲ್ಲೆಲ್ಲ ಬೈಯಬೇಕು, ಒಬ್ಬರನ್ನೊಬ್ಬರು ನನ್ನ ಆಳು ಎನ್ನಬೇಕು, ಬೆಂಬಾದವರನ್ನು ಕೋತಿ ತಿನ್ನುವವರೆಂದು ಆಡಿಕೊಳ್ಳಬೇಕು. ಬೈಸಿಕೊಂಡವರು ಸಿಟ್ಟಾಗಕೂಡದು, ಸಿಟ್ಟಾದರೆ ಸೋತ ಹಾಗೆ. ಟೋಂಗಾದವರಿಗೂ ಲೋಜಿಯವರಿಗೂ ನಡುವೆ ಇದೇ ನಂಟು. ಚಿಕ್ಕವರು ದೊಡ್ಡವರೆಂಬ ಭೇದವೂ ಇಲ್ಲ. ಸಾವಿನ ಮನೆಯಲ್ಲೂ ಬಿಡುವುದಿಲ್ಲ. ತೋಡಿದ ಗುಂಡಿಯೊಳಗೆ ಎದುರು ಕುಲದವನೊಬ್ಬ ಇಳಿದು ಮಲಗಿ, ಈ ಜಾಗ ನನ್ನದು, ನಿಮ್ಮ ಹೆಣವನ್ನು ಮನೆಗೆ ವಾಪಸು ಕೊಂಡೊಯ್ಯಿರಿ ಎಂದು ಹಟ ಹಿಡಿಯುತ್ತಾನೆ. ಅಳುತ್ತಿದ್ದವರು ನಗುತ್ತಾರೆ, ನಕ್ಕ ಮೇಲೆ ಮಣ್ಣು ಹಾಕುತ್ತಾರೆ.

ಜೆಲಿಪಾ ಬಂದದ್ದು ರೈಲು ಹಳಿಯ ಆಚೆಗಿನ ಪ್ರೌಢಶಾಲೆಗೆ. ಮಕ್ಕಳ ಮನಸ್ಸಿನ ಶಾಸ್ತ್ರವನ್ನು ವಿಶ್ವವಿದ್ಯಾಲಯದಲ್ಲಿ ಓದಿ ಮುಗಿಸಿದ್ದಳು. ಒಂದು ವರ್ಷ ಶಾಲೆಯೊಂದರಲ್ಲಿ ಕೈ ಪಳಗಿಸಿಕೊಂಡರೆ ಮನಶ್ಶಾಸ್ತ್ರಜ್ಞೆ ಎನಿಸಿಕೊಳ್ಳುತ್ತಾಳೆ. ಅವಳಪ್ಪ ಚಿಪಾಟದಲ್ಲಿ ಸೈಕಲ್ ರಿಪೇರಿ ಮಾಡುವವನು. ಚಕ್ರವನ್ನು ತಲೆಕೆಳಗು ತಿರುಗಿಸಿ, ಕಣ್ಣು ಮುಚ್ಚಿ, ಯಾವ ಕಡ್ಡಿ ಸಡಿಲವೆಂದು ಸದ್ದಿನಲ್ಲೇ ಹಿಡಿಯುತ್ತಿದ್ದನಂತೆ. ಮನುಷ್ಯರಲ್ಲೂ ಹಾಗೆ ಹಿಡಿಯಬಹುದಲ್ಲ ಎಂದು ಚಿಕ್ಕಂದಿನಲ್ಲೇ ಇವಳಿಗೆ ತಲೆಗೆ ಹೊಕ್ಕಿತ್ತು.

ಆ ಶಾಲೆಯಲ್ಲಿ ಇಲ್ಲದ ಕುಲವಿಲ್ಲ. ರೈಲ್ವೆಯ ದೆಸೆಯಿಂದ ದೇಶದ ನಾಲ್ಕೂ ಮೂಲೆಯವರು ಇಲ್ಲಿ ಬೇರು ಬಿಟ್ಟಿದ್ದಾರೆ. ನಾವು ಲೆಂಜೆಯವರು ನೆಲದವರು, ಮಿಕ್ಕವರೆಲ್ಲ ನಮ್ಮ ಮೇಲೆ ಬಂದು ಕೂತವರು. ಈ ಮಾತನ್ನು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಸೋಮಾಲಿ ಅಂಗಡಿಯವರ ಮಕ್ಕಳು, ಬಟ್ಟೆ ವ್ಯಾಪಾರದ ಗುಜರಾತಿ ಹುಡುಗಿಯರು, ಗಡಿ ದಾಟಿ ಬಂದ ಕಾಂಗೋದ ಮಕ್ಕಳು, ಎಲ್ಲರೂ ಒಂದೇ ಬೆಂಚಿನಲ್ಲಿ ಕೂತು ಬೇರೆ ಬೇರೆ ಭಾಷೆಯಲ್ಲಿ ಗಣಿತವನ್ನು ಶಪಿಸುತ್ತಾರೆ.

ಮುಖ್ಯೋಪಾಧ್ಯಾಯ ಹಚಿಪೂಕ ದನ ಸಾಕುವ ಟೋಂಗಾದವರು, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ನಗು. ಆಟದ ಸಾಮಾನು ತುಂಬಿದ್ದ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟರು. ಗಾಳಿ ಹೋದ ಫುಟ್‌ಬಾಲುಗಳ ಮೂಟೆ ಮಾತ್ರ ಅಲ್ಲೇ ಉಳಿಯಿತು. ಬಾಗಿಲಿಗೆ 'ಮನಸ್ಸಿನ ಕೋಣೆ' ಎಂಬ ಹಲಗೆ ಬಿತ್ತು. ಒಳಗೆ ಹೋದವರಿಗೆ ಹುಚ್ಚು ಎಂದು ಮಕ್ಕಳು ಮಾತಾಡಿಕೊಂಡು, ಒಂದು ನರಪಿಳ್ಳೆಯೂ ಅತ್ತ ಸುಳಿಯಲಿಲ್ಲ. ಜೆಲಿಪಾ ಹಲಗೆ ಕಿತ್ತು ಮೂಟೆಯ ಹಿಂದಕ್ಕೆ ತಳ್ಳಿ, ಮಾವಿನ ಮರದ ಕೆಳಗೆ ಕಡಲೆಕಾಯಿ ಸುಲಿಯುತ್ತ ಕೂತಳು. ಕಡಲೆಕಾಯಿಗೆ ಬಂದವರು ಕಷ್ಟ ಹೇಳಿಕೊಂಡು ಹೋದರು. ಕಾಂಗೋದ ಫುರಾಹ ಎಂಬ ಹುಡುಗಿಯ ದೂರು ವಿಚಿತ್ರವಾಗಿತ್ತು. ಇಲ್ಲಿ ಎಲ್ಲರನ್ನೂ ಯಾರಾದರೊಬ್ಬರು ಬೈಯುತ್ತಾರೆ, ನನ್ನನ್ನು ಮಾತ್ರ ಒಬ್ಬರೂ ಬೈಯುವುದಿಲ್ಲ, ನನಗೆ ಬೈಗುಳದ ನೆಂಟರು ಯಾರು ಎಂದು ಕೇಳಿದಳು. ಇದಕ್ಕೆ ಯಾವ ಪುಸ್ತಕದಲ್ಲೂ ಉತ್ತರವಿರಲಿಲ್ಲ.

ಆ ಪುಸ್ತಕಗಳ ಮಾತು ಬಂದರೆ ಡಾ. ನಾಲಿಶೆಬೊ ಅವರನ್ನು ಬಿಡುವ ಹಾಗಿಲ್ಲ. ಜೆಲಿಪಾಳ ಗುರು. ರಾಜಧಾನಿ ಲುಸಾಕಾದಿಂದ ಆಗಾಗ ಬಂದು ತರಬೇತಿ ನೋಡಿ, ಕೊನೆಗೆ ಪಾಸೋ ಫೇಲೋ ಹೇಳುವವರು. ವರ್ಷವರ್ಷವೂ ನೆರೆ ಬರುವ ನದಿ ಬಯಲಿನ ಲೋಜಿ ಹೆಂಗಸು, ಇಸ್ತ್ರಿ ಮಾಡಿದ ಉಡುಪು, ಇಸ್ತ್ರಿ ಮಾಡಿದ ಮಾತು. ಹಚಿಪೂಕ ಮೇಷ್ಟ್ರು ಬಾಗಿಲಲ್ಲೇ, ನೆರೆ ಇಳಿಯಿತೇ, ದೋಣಿ ಎಲ್ಲಿ ಕಟ್ಟಿದಿರಿ ಎಂದು ಕೆಣಕಿದರೆ ಆಕೆ ಹುಬ್ಬನ್ನೂ ಅಲುಗಿಸದೆ ದಾಟಿ ಹೋಗುತ್ತಿದ್ದರು. ಜೆಲಿಪಾಳಿಗೆ ಆಕೆ ಮೊದಲ ದಿನವೇ ಕೊಟ್ಟ ಅಪ್ಪಣೆ ಇದು:

"ಒಂದು ಮಾತು ನೆನಪಿಟ್ಕೋ ತಾಯಿ. ಆ ಕೋಣೆಯೊಳಗೆ ನಿನಗೆ ಕುಲ ಇಲ್ಲ, ಊರಿಲ್ಲ, ಹಸಿವೂ ಇಲ್ಲ. ಅಲ್ಲಿರೋದು ಆ ಮಗು ಒಂದೇ."

ಒಳ್ಳೆಯ ಮಾತೇ. ಆದರೆ ಜೆಲಿಪಾ ಅದನ್ನು ಅಂಗಿಯ ಹಾಗೆ ತೊಟ್ಟವಳು ಬಿಚ್ಚುವುದನ್ನೇ ಮರೆತಳು. ಬಸ್ ನಿಲ್ದಾಣದ ಆ ಗಂಟಲು ಎಲ್ಲಿ ಹೋಯಿತೋ, ಮನೆಯಲ್ಲೂ ಹತ್ತಿಯಲ್ಲಿ ಸುತ್ತಿದಂಥ ಮಾತು. ಒಂದು ಸಂಜೆ, ಸೂರು ಸೋರುತ್ತಿದೆ ಕಣಮ್ಮ ಎಂದೆ.

"ಸೂರು ಸೋರೋದ್ರಿಂದ ನಿಮಗೆ ಏನನ್ನಿಸ್ತಿದೆ, ತಾತ?" ಎಂದು ಮೆಲ್ಲಗೆ ಕೇಳಿದಳು.

"ಒದ್ದೆ ಅನ್ನಿಸ್ತಿದೆ," ಅಂದೆ.

ಆಗಲೂ ನಗಲಿಲ್ಲ, ಅರ್ಥವಾಯಿತೆಂಬಂತೆ ತಲೆದೂಗಿದಳು. ಅವಳ ಪುಸ್ತಕಗಳನ್ನು ನಾನೂ ತಿರುವಿ ನೋಡಿದ್ದೇನೆ. ಯಾವ ಮೇಷ್ಟರೂ ಇಲ್ಲದೆ, ಸಕ್ಕರೆ ಕಟ್ಟಿಕೊಟ್ಟ ಪತ್ರಿಕೆಯ ಚೂರುಗಳಲ್ಲಿ ಅಕ್ಷರ ಹೆಕ್ಕಿದವನಿಗೆ ಅವು ದೊಡ್ಡದಲ್ಲ. ಮೆಲ್ಲಗೆ ಮಾತಾಡಿ ಎಂದಷ್ಟೇ ಅಲ್ಲಿತ್ತು, ಬೈಗುಳದ ನೆಂಟರ ಸುದ್ದಿಯೇ ಇರಲಿಲ್ಲ.

ಇಷ್ಟರಲ್ಲಿ ಬೂಪೆ ಬಂದಳು. ನಾನೀಗ ಹೇಳುವುದು ಜೆಲಿಪಾ ಹೇಳಿದ್ದಲ್ಲ. ಅವಳು ಮಕ್ಕಳ ಗುಟ್ಟು ಯಾರಿಗೂ ಬಿಟ್ಟುಕೊಡುವವಳಲ್ಲ. ಬೂಪೆಯೇ ಆಮೇಲೆ ಇಡೀ ಪೇಟೆಗೆ ಸಾರಿಕೊಂಡು ಬಂದದ್ದು, ಅವಳ ಚಿಕ್ಕಮ್ಮ ಬನಾ ಚೋಲಾ ಅದಕ್ಕೆ ಒಗ್ಗರಣೆ ಹಾಕಿದ್ದು.

ಬೂಪೆ ಉತ್ತರದ ಕಸಾಮದ ಹುಡುಗಿ, ಅಚ್ಚ ಬೆಂಬಾ. ಅಜ್ಜನ ಮನೆಯಲ್ಲಿ ಬೆಳೆದವಳು. ಅಜ್ಜ ತೀರಿಕೊಂಡ ಮೇಲೆ ಚಿಕ್ಕಮ್ಮನ ಜೊತೆಗಿರಲು ಕಾಬ್ವೆಗೆ ಬಂದು ಹತ್ತನೇ ತರಗತಿಗೆ ಸೇರಿದಳು. ಸೇರಿದಂದಿನಿಂದ ಬಾಯಿ ಬಿಟ್ಟಿರಲಿಲ್ಲ. ಬರೆಯುತ್ತಿದ್ದಳು, ಲೆಕ್ಕ ಮಾಡುತ್ತಿದ್ದಳು, ಕರೆದರೆ ಎದ್ದು ನಿಲ್ಲುತ್ತಿದ್ದಳು. ದನಿ ಮಾತ್ರ ಇಲ್ಲ. ಮನೆಯಲ್ಲೂ ಬರೀ ತಲೆಯಾಡಿಸುವುದು. ಹುಡುಗಿ ಮೂಕಿಯೇ ಇರಬೇಕು, ಇಲ್ಲಿ ಕಲಿಯುವುದು ಆಗದ ಮಾತು ಎಂದು ಶಿಕ್ಷಕರು ಸಭೆ ಸೇರಿ ಹೇಳಿದರು. ದೂರದ ಊರಿನಲ್ಲಿ ಮಾತು ಬಾರದ ಮಕ್ಕಳ ವಸತಿ ಶಾಲೆಯೊಂದಿದೆ. ಈ ಅವಧಿ ಮುಗಿಯುವಷ್ಟರಲ್ಲಿ ಬಾಯಿ ತೆರೆಯದಿದ್ದರೆ ಅಲ್ಲಿಗೆ ಕಳಿಸುವುದು ಎಂದಾಯಿತು. ಅದಕ್ಕೆ ಡಾ. ನಾಲಿಶೆಬೊ ಕೊನೆಯ ವಾರ ಬಂದು, ಜೆಲಿಪಾ ಹುಡುಗಿಯೊಡನೆ ಕೂತದ್ದನ್ನು ಕಣ್ಣಾರೆ ನೋಡಿ ಸಹಿ ಹಾಕಬೇಕು.

ಬೂಪೆಗೆ ಅದು ಗೊತ್ತಿತ್ತು. ಹೋಗಲು ಒಂದಿಷ್ಟೂ ಮನಸ್ಸಿರಲಿಲ್ಲ. ಇರುವುದೊಬ್ಬಳು ಚಿಕ್ಕಮ್ಮ, ಅವಳನ್ನೂ ಬಿಟ್ಟು ಎಲ್ಲಿಗೆ ಹೋಗುವುದು? ಆದರೆ ಗಂಟಲ ತನಕ ಬಂದ ಮಾತು ಅಲ್ಲೇ ಕೂತುಬಿಡುತ್ತಿತ್ತು.

ಜೆಲಿಪಾ ಪುಸ್ತಕದಲ್ಲಿದ್ದುದನ್ನೆಲ್ಲ ಮಾಡಿದಳು. ಚಿತ್ರ ಬರೆಸಿದಳು, ಜೇಡಿಮಣ್ಣು ಕೊಟ್ಟಳು, ಸುಮ್ಮನೆ ಜೊತೆಗೆ ಕೂತಳು. ಬೆಣ್ಣೆಯಂಥ ದನಿಯಲ್ಲಿ, ನಿನಗೆ ಬೇಕೆನಿಸಿದಾಗ ಮಾತಾಡು ಮಗಳೇ, ಅವಸರವಿಲ್ಲ ಎಂದಳು. ಅವಳು ಎಷ್ಟು ಮೆಲ್ಲಗಾದಳೋ ಬೂಪೆ ಅಷ್ಟು ಮುದುಡಿದಳು. ಕೊನೆಕೊನೆಗೆ ಜೆಲಿಪಾ 'ಮಗಳೇ' ಎಂದರೆ ಸಾಕು, ಹುಡುಗಿ ಕುರ್ಚಿಯ ಅಂಚು ಹಿಡಿದುಕೊಳ್ಳುತ್ತಿದ್ದಳು.

ಚಿಕ್ಕಮ್ಮನನ್ನಾದರೂ ವಿಚಾರಿಸೋಣವೆಂದು ಜೆಲಿಪಾ ಪೇಟೆಗೆ ಹೋದಳು. ಬನಾ ಚೋಲಾ ತಿನ್ನಲೆಂದು ಒಣಗಿಸಿದ ಕಂಬಳಿಹುಳು ಮಾರುವವಳು, ಬಾಯಿಗೆ ಪೇಟೆಯಲ್ಲಿ ಎಣೆಯಿಲ್ಲ. ತೆಂಬೊ ಎಂಬ ಹೆಸರು ಕಿವಿಗೆ ಬಿದ್ದದ್ದೇ ಒಂದು ಬೈಗುಳವನ್ನು ನಾಲಿಗೆಯ ತುದಿಗೆ ತಂದುಕೊಂಡು ಕಾದಳು. ಜೆಲಿಪಾ ತಲೆ ಬಾಗಿಸಿ, ಮೆತ್ತಗೆ, ಅಮ್ಮಾ, ಬಿಡುವಿದ್ದರೆ ನಿಮ್ಮೊಡನೆ ಸ್ವಲ್ಪ ಮಾತಾಡಬಹುದೇ ಎಂದಳು.

ಬನಾ ಚೋಲಾಳ ಕೈಯಿಂದ ಅಳತೆಯ ಡಬ್ಬ ಬಿದ್ದುಹೋಯಿತು. ಎರಡೂ ಕೈ ತಲೆಯ ಮೇಲಿಟ್ಟುಕೊಂಡು, "ಯಾರು ಸತ್ರು?" ಅಂದಳು.

ಯಾರೂ ಸತ್ತಿಲ್ಲ ಎಂದರೂ ನಂಬಲಿಲ್ಲ. ಅಂಗೋನಿ ಹೆಣ್ಣು ಬೆಂಬಾದವಳ ಮುಂದೆ ಸುಮ್ಮಸುಮ್ಮನೆ ಇಷ್ಟು ಮರ್ಯಾದೆಯಿಂದ ನಿಲ್ಲುತ್ತಾಳೆಯೇ? ಅಕ್ಕಪಕ್ಕದ ಅಂಗಡಿಯವರೂ ಎದ್ದು ಬಂದರು, ಒಬ್ಬಳು ಅಳುವುದಕ್ಕೂ ಶುರು ಮಾಡಿದಳು. ಅವರನ್ನೆಲ್ಲ ಸಮಾಧಾನ ಮಾಡುವಷ್ಟರಲ್ಲಿ ಹೊತ್ತು ಕಳೆಯಿತು. ಅಜ್ಜನನ್ನು ಮಣ್ಣು ಮಾಡಿದ ದಿನದಿಂದ ಹುಡುಗಿ ಹೀಗೆ ಎಂಬುದೊಂದೇ ಅವಳಿಗೆ ಸಿಕ್ಕಿದ ಸುದ್ದಿ. ಸಂಜೆ ಜಗಲಿಯ ಮೇಲೆ ಪೇಟೆಯ ಗದ್ದಲವನ್ನು ನನಗೆ ಹೇಳಿ ಸೋತವಳಂತೆ ಕೂತಳು. ಬೂಪೆಯ ಮುಂದೆಯೂ ಮೆತ್ತಗೆ ಮಾತಾಡುವುದೇ ತಪ್ಪಾಗುತ್ತಿದೆಯೆಂದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಡಾಕ್ಟರಮ್ಮ ಬರುವ ದಿನ ಬಂತು. ಹಿಂದಿನ ಸಂಜೆ ಚಿಪಾಟದ ಬಸ್ಸಿನ ಡ್ರೈವರನ ಕೈಲಿ ಜೆಲಿಪಾಳ ತಾಯಿ ಒಂದು ಡಬ್ಬ ಕಳಿಸಿದ್ದಳು. ಅದರಲ್ಲಿದ್ದುದು ಹೊಲದ ಇಲಿ, ಉಪ್ಪು ಹಾಕಿ ಒಣಗಿಸಿ, ಕೆಂಡದಲ್ಲಿ ಸುಟ್ಟು, ಕಡ್ಡಿಗೆ ಸಿಕ್ಕಿಸಿದ್ದು. ಅಂಗೋನಿಯವರಿಗೆ ಅದು ತವರಿನ ರುಚಿ. ಎದುರು ಕುಲದವರ ಕಣ್ಣಿಗೆ ಬಿದ್ದರೆ ವರ್ಷಪೂರ್ತಿ ಬಿಡುವುದಿಲ್ಲವಾದ್ದರಿಂದ ಇಲ್ಲಿ ಬಾಗಿಲು ಹಾಕಿಕೊಂಡೇ ತಿನ್ನುತ್ತಾರೆ. ಜೆಲಿಪಾ ಬೆಳಗಿನಿಂದ ಒಂದು ತುತ್ತೂ ತಿಂದಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಕೋಣೆಯ ಬಾಗಿಲು ಎಳೆದುಕೊಂಡು, ತಣ್ಣನೆಯ ಮುದ್ದೆ ಮುಂದಿಟ್ಟುಕೊಂಡು, ಒಂದು ಇಲಿಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡಳು.

ಅತ್ತ ಡಾಕ್ಟರಮ್ಮ ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟಿದ್ದರು. ಹಚಿಪೂಕ ಮೇಷ್ಟ್ರು ಗಾಬರಿಯಾಗಿ ಬೂಪೆಯನ್ನು ಮುಂದೆ ಕಳಿಸಿ, ತಾವು ಅತಿಥಿಯನ್ನು ನಿಧಾನವಾಗಿ ನಡೆಸಿಕೊಂಡು ಬರತೊಡಗಿದರು. ಬೂಪೆ ಮಾತೇ ಆಡದವಳು, ಬಾಗಿಲು ತಟ್ಟಿ ಕೇಳುತ್ತಾಳೆಯೇ? ನೂಕಿಕೊಂಡು ಒಳಗೆ ಬಂದಳು.

ಜೆಲಿಪಾಳ ತುಟಿಯಿಂದ ಇಲಿಯ ಬಾಲ ಹೊರಗೆ ನೇತಾಡುತ್ತಿತ್ತು.

ಬೂಪೆ ನಿಂತಲ್ಲೇ ನಿಂತು ಬಾಲವನ್ನು ನೋಡಿದಳು. ಬಾಲದ ಮೇಲಿನ ಮುಖವನ್ನು ನೋಡಿದಳು. ಜೆಲಿಪಾಳ ತಲೆಯಲ್ಲಿದ್ದ ಪುಸ್ತಕವೆಲ್ಲ ಗಾಳಿಗೆ ತೂರಿಹೋಯಿತು. ಉಳಿದದ್ದು ಚಿಪಾಟದ ಸೈಕಲ್ ರಿಪೇರಿಯವನ ಮಗಳೊಬ್ಬಳೇ.

"ಏನೇ ಹಾಗೆ ನೋಡ್ತೀಯ, ಕೋತಿ ತಿನ್ನೋಳೇ?" ಎಂದಳು ಬಾಯಿ ತುಂಬಿಕೊಂಡು. "ಬಾಲ ನಂದು. ಬೇಕಿದ್ರೆ ಡಬ್ಬದಲ್ಲಿ ತಲೆ ಇದೆ, ತಗೋ."

ಇಷ್ಟು ದಿನ ಮೊಟ್ಟೆಯ ಹಾಗೆ ಹಿಡಿದುಕೊಂಡಿದ್ದ ಮಗುವಿಗೆ ಇದೇನು ಅಂದುಬಿಟ್ಟೆ ಎಂದು ಬಾಲವನ್ನು ಅವಸರದಿಂದ ನುಂಗಲು ಹೋಗಿ ಕೆಮ್ಮಿದಳು. ಆ ಕೆಮ್ಮಿನ ನಡುವೆ ಇನ್ನೊಂದು ದನಿ ಕೇಳಿಸಿತು. ಬಹುಕಾಲ ತೆರೆಯದ ಬಾಗಿಲಿನ ತಿರುಗಣಿಯ ಹಾಗೆ ತುಕ್ಕು ಹಿಡಿದಿತ್ತು.

"ನಿಮ್ಮನೆ ಬೆಕ್ಕು ಉಪವಾಸ ಬಿದ್ದು ಸತ್ತಿರ್ಬೇಕು."

ಜೆಲಿಪಾ ಕಲಿತವಳು. ಅಯ್ಯೋ ಮಾತಾಡಿದೆಯಾ ಎಂದು ಕುಣಿದಾಡಿದ್ದರೆ ಆ ಬಾಗಿಲು ಮತ್ತೆ ಮುಚ್ಚಿಬಿಡುತ್ತಿತ್ತು. ಅವಳು ಬಾಯಿ ಒರೆಸಿಕೊಂಡು, ಏನೂ ಆಗದವಳಂತೆ ಏಟಿಗೆ ಎದುರೇಟು ಕೊಟ್ಟಳು. "ಬೆಕ್ಕೇ? ನಿಮ್ಮೋರು ಮನೆಗೆ ಬಂದಿದ್ದಾಗ ಅದನ್ನೇ ಕೋತಿ ಅಂತ ಬಡಿಸಿದ್ವಿ. ತಟ್ಟೆ ನೆಕ್ಕಿ ಹೋದ್ರು."

"ನಿಮ್ಮಜ್ಜಂದಿರು ದಕ್ಷಿಣದಲ್ಲಿ ಓಡೋಕೆ ಶುರು ಮಾಡಿ, ಕಾಲು ಸವೆದ ಮೇಲೆ ನಿಂತೋರು. ನಿಂತ ಕಡೆ ಇಲಿ ಬಿಟ್ರೆ ಇನ್ನೇನೂ ಸಿಗ್ಲಿಲ್ಲ, ಪಾಪ."

"ನಾವು ಬಂದಾಗ ನಿಮ್ಮೋರೆಲ್ಲ ಮರದ ಮೇಲೆ ಅವಿತ್ಕೊಂಡಿದ್ರು ಕಣೇ. ಕೋತಿ ಪರಿಚಯ ಆಗಿದ್ದೇ ಅಲ್ಲಿ."

ಬೂಪೆ ನಕ್ಕಳು. ನಗು ಎಂದರೆ ಎಂಥದು, ಫುಟ್‌ಬಾಲ್ ಮೂಟೆಯ ಮೇಲೆ ಕುಸಿದು ಕೂತು ಪಕ್ಕೆ ಹಿಡಿದುಕೊಂಡಳು. ಜೆಲಿಪಾಳ ಬೈಗುಳ ಇನ್ನೂ ಬೆಳೆಯುತ್ತಿತ್ತು, ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಡಾ. ನಾಲಿಶೆಬೊ ಕಿಟಕಿಯ ಹತ್ತಿರ ಬಂದಾಗಲೇ ಜೆಲಿಪಾಳ ಕೊನೆಯ ಬೈಗುಳಗಳನ್ನು ಕೇಳಿಸಿಕೊಂಡಿದ್ದರು. ತರಬೇತಿಗೆಂದು ಬಂದವಳು ತನ್ನ ವಶದಲ್ಲಿರುವ ಮಗುವನ್ನು, ಅದರಲ್ಲೂ ಮಾತು ಬಾರದ ಮಗುವನ್ನು, ಕೋತಿ ಗೀತಿ ಎಂದು ಹೀಯಾಳಿಸುತ್ತಿದ್ದಾಳೆ. ಅದಕ್ಕೆ ಮೊದಲು ಮಗುವೂ ಉತ್ತರ ಕೊಟ್ಟಿತ್ತೆಂದು ಆಕೆಗೆ ಹೇಗೆ ಗೊತ್ತಾಗಬೇಕು? ಬೂಪೆಯ ದನಿಯನ್ನು ಆ ಶಾಲೆಯಲ್ಲಿ ಯಾರೂ ಕೇಳಿರಲಿಲ್ಲವಲ್ಲ.

ಕೂಗಾಡಲಿಲ್ಲ ಆಕೆ. ಬೂಪೆ ಮೂಟೆಯ ಮೇಲಿನಿಂದ ಎದ್ದು ಗೋಡೆಗೆ ಒತ್ತಿಕೊಂಡಳು, ಮುಖದ ಮೇಲಿದ್ದ ನಗು ಅಳಿಸಿಹೋಯಿತು. ಡಾಕ್ಟರಮ್ಮ ಅದನ್ನೇ ನೋಡಿದರು. ಜೆಲಿಪಾಳಿಗೆ, ನಿನ್ನ ಸಾಮಾನು ಕಟ್ಟಿಕೋ, ಈ ಕೆಲಸಕ್ಕೆ ನೀನು ತಕ್ಕವಳಲ್ಲ, ಹುಡುಗಿಯ ವಿಷಯ ನಾನೇ ಇಂದೇ ತೀರ್ಮಾನಿಸುತ್ತೇನೆ ಎಂದರು. ಹಿಂದೆ ನಿಂತಿದ್ದ ಹಚಿಪೂಕ ಮೇಷ್ಟ್ರು ಏನೋ ಹೇಳಹೋದರೆ ಕೈಯೆತ್ತಿ ತಡೆದರು. ಮಗುವೇ ಮಾತಾಡಿತು ಎಂದು ಜೆಲಿಪಾ ಹೇಳಬಹುದಿತ್ತು. ಹೇಳಿದರೆ ಎಲ್ಲಿ ಮಾತಾಡು ನೋಡೋಣ ಎಂದು ಎಲ್ಲರೂ ಮಗುವಿನ ಮೇಲೆ ಬೀಳುತ್ತಾರೆ. ಟ್ರಂಕಿಗೆ ತುಂಬುವ ಪುಸ್ತಕಗಳನ್ನು ಒಂದೊಂದಾಗಿ ಎತ್ತಿಕೊಳ್ಳತೊಡಗಿದಳು.

ಗೋಡೆಯ ಹತ್ತಿರದಿಂದ ದನಿ ಬಂತು.

"ಮೇಡಂ, ಅವಳನ್ನ ನೀವು ಬೈಬೇಡಿ."

ಡಾಕ್ಟರಮ್ಮ ತಿರುಗಿದರು.

"ಅವಳು ನನ್ನ ಆಳು. ಬೈಯೋದಿದ್ರೆ ನಾನು ಬೈತೀನಿ."

ಹಚಿಪೂಕ ಮೇಷ್ಟ್ರು ನಗು ತಡೆಯಲಾರದೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ಡಾಕ್ಟರಮ್ಮ ಹುಡುಗಿಯನ್ನು ನೋಡಿದರು, ಜೆಲಿಪಾಳನ್ನು ನೋಡಿದರು, ತೆರೆದಿದ್ದ ಡಬ್ಬವನ್ನೂ ನೋಡಿದರು. ಆಮೇಲೆ ಇಸ್ತ್ರಿ ಮಾಡಿದ ಉಡುಪಿನಲ್ಲೇ ಆ ಫುಟ್‌ಬಾಲ್ ಮೂಟೆಯ ಮೇಲೆ ಕೂತರು. ಮೇಷ್ಟ್ರು ಇನ್ನೂ ನಗುತ್ತ ನಿಂತಿದ್ದರು.

"ಹಚಿಪೂಕ, ಇದು ಗುಟ್ಟಾಗಿ ನಡೀಬೇಕಾದ ಮಾತು. ನೀವು ಹೋಗಿ ನಿಮ್ಮ ದನ ಎಣಿಸ್ಕೊಂಡು ಬನ್ನಿ," ಅಂದರು.

ಲೋಜಿ ಹೆಂಗಸಿನ ಬಾಯಿಂದ ಮೇಷ್ಟ್ರಿಗೆ ಸಿಕ್ಕಿದ ಮೊದಲ ಬೈಗುಳ ಅದು. ಹಬ್ಬ ಸಿಕ್ಕಿದವರ ಹಾಗೆ ಹೋದರು. ಬಾಗಿಲು ಹಾಕಿಕೊಂಡಿತು. ಡಾಕ್ಟರಮ್ಮ ಜೆಲಿಪಾಳಿಗೆ, ಮುಂದುವರಿಸು ಎಂದರು.

ಬೂಪೆ ಆಗ ಎಲ್ಲ ಹೇಳಿದಳು. ಅವಳಜ್ಜನಿಗೆ ಸೋಕೊ ಎಂಬ ಅಂಗೋನಿ ಗೆಳೆಯನಿದ್ದ. ಇಬ್ಬರೂ ಒಟ್ಟಿಗೆ ಹಳಿ ಹಾಸಿದವರು. ಭಾನುವಾರ ಬೆಳಗಾದರೆ ಸೋಕೊ ಗೇಟಿನಿಂದಲೇ, ನನ್ನ ಆಳು ಎದ್ದಿದ್ದಾನೋ ಎಂದು ಕೂಗುತ್ತಿದ್ದ. ಅಜ್ಜ ಒಳಗಿನಿಂದ, ಇಲಿ ಹಿಡಿಯುವವನು ಬಂದ, ಬಿಲ ತೋರಿಸಿ ಎನ್ನುತ್ತಿದ್ದ. ಆ ಬೈಗುಳದಿಂದಲೇ ಬೂಪೆಗೆ ಭಾನುವಾರವೆಂದು ತಿಳಿಯುತ್ತಿದ್ದುದು. ಅಜ್ಜನ ಮಣ್ಣಿನ ದಿನ ಎಲ್ಲರೂ ಸೋಕೊನಿಗಾಗಿ ಕಾದರು. ಅವನು ಗುಂಡಿಗೆ ಇಳಿದು ಮಲಗುತ್ತಾನೆ, ಜಗಳ ತೆಗೆಯುತ್ತಾನೆ, ಎಲ್ಲ ಸರಿಹೋಗುತ್ತದೆ ಎಂದು ಬೂಪೆ ಕಾದಳು. ಸೋಕೊ ಗುಂಡಿಯ ಅಂಚಿಗೆ ಬಂದು ಟೋಪಿ ತೆಗೆದ. ಬೈಯಲೆಂದು ಬಾಯಿ ತೆರೆದ, ಬೈಗುಳ ಬರಲಿಲ್ಲ. ಬೂಪೆಯ ಕಡೆ ತಿರುಗಿ ಮೆಲ್ಲಗೆ, ಬಹಳ ಮೆಲ್ಲಗೆ, ಸಮಾಧಾನ ಮಾಡಿಕೋ ಮಗಳೇ ಎಂದ. ಅಜ್ಜ ನಿಜವಾಗಿ ಸತ್ತದ್ದು ಅವಳಿಗೆ ಆ ಕ್ಷಣದಲ್ಲೇ. ಇಲ್ಲಿಗೆ ಬಂದರೆ ಇಲ್ಲೊಬ್ಬಳು ಅಂಗೋನಿ, ಅದೇ ದನಿ, ಅದೇ 'ಮಗಳೇ'. ಪ್ರತಿ ಸಲ ಕೋಣೆಗೆ ಬಂದಾಗಲೂ ಗುಂಡಿಯ ಅಂಚಿನಲ್ಲಿ ನಿಂತ ಹಾಗಾಗುತ್ತಿತ್ತಂತೆ.

ಜೆಲಿಪಾ ಅದನ್ನು ಕೇಳಿ ಅತ್ತಳೋ ಏನೋ, ಬೂಪೆ ಹೇಳಲಿಲ್ಲ. ಹುಡುಗಿ ಡಬ್ಬದಿಂದ ಇಲಿಯ ತಲೆ ತಿಂದು ನೋಡಿದಳೆಂದೂ, ಕೋತಿಯಷ್ಟು ರುಚಿಯಿಲ್ಲ ಎಂದಳೆಂದೂ ಪೇಟೆಯಲ್ಲಿ ಮಾತು. ಬನಾ ಚೋಲಾ ಮಾತ್ರ ನಮ್ಮ ಮನೆಯ ಹುಡುಗಿ ಅದನ್ನು ಮುಟ್ಟಿಯೇ ಇಲ್ಲ ಎಂದು ಇಂದಿಗೂ ಆಣೆ ಹಾಕುತ್ತಾಳೆ.

ಹುಡುಗಿಯನ್ನು ಕಳಿಸುವ ಕಾಗದಕ್ಕೆ ಸಹಿ ಬೀಳಲಿಲ್ಲ. ಡಾಕ್ಟರಮ್ಮ ಹೊರಡುವಾಗ ಜೆಲಿಪಾಳನ್ನು ಪಕ್ಕಕ್ಕೆ ಕರೆದು ಹೇಳಿದ ಮಾತನ್ನು ಅವಳು ಆ ಸಂಜೆ ಜಗಲಿಯಲ್ಲಿ ಕುಣಿದಾಡಿಕೊಂಡು ನನಗೆ ಒಪ್ಪಿಸಿದಳು: "ಕುಲದ ವಿಷಯ ನಾನು ಬರೆಯೋದಿಲ್ಲ. ಹಸಿವಿನ ವಿಷಯ ಬರೀತೀನಿ. ಮಗು ಬರೋ ಕೋಣೇಲಿ ಇನ್ನೊಂದು ಸಲ ಇಲಿ ತಿಂದ್ರೆ ನೋಡು." ಅಂದೇ ಸೂರಿನ ಬಗ್ಗೆ ಮತ್ತೆ ಹೇಳಿದೆ. ಲೆಂಜೆ ಮುದುಕರಿಗೆ ಏಣಿ ಹತ್ತಲು ಬಾರದಿದ್ದರೆ ನಾನೇ ಹತ್ತುತ್ತೇನೆ ಎಂದು ಹತ್ತಿಯೇಬಿಟ್ಟಳು. ಸೋರುವುದು ನಿಂತಿತು.

ವರ್ಷ ಮುಗಿಯುವಷ್ಟರಲ್ಲಿ ಅವಳು ಪಾಸಾದಳು. ಯಾವ ಮಗುವಿಗೆ ಮೆತ್ತನೆಯ ದನಿ, ಯಾವ ಮಗುವಿಗೆ ಒರಟು ದನಿ ಎಂದು ಈಗ ಬಾಗಿಲಲ್ಲೇ ಕಿವಿಗೊಟ್ಟು ನೋಡುತ್ತಾಳೆ. ಕಾಂಗೋದ ಫುರಾಹಳಿಗೂ ದಾರಿಯಾಯಿತು. ಬೈಯುವವರು ಯಾರೂ ಇಲ್ಲದಿದ್ದರೆ ನಾನೇ ಬೈಯುತ್ತೇನೆ ಎಂದು ಬೂಪೆ ಅವಳನ್ನು ವಹಿಸಿಕೊಂಡಳು. ಇಬ್ಬರೂ ಹಳಿ ದಾಟಿ ಬರುವಾಗ ಅರ್ಧ ಊರಿಗೆ ಕೇಳಿಸುತ್ತದೆ.

ಆ ಅವಧಿಯ ರಜೆ ಸಿಕ್ಕ ಕೂಡಲೇ ಬೂಪೆ ಚಿಕ್ಕಮ್ಮನ ಜೊತೆ ರೈಲು ಹತ್ತಿ ಕಸಾಮಕ್ಕೆ ಹೋಗಿಬಂದಳು. ಇಳಿದವಳು ನೇರ ಹೋದದ್ದು ಸೋಕೊನ ಮನೆಗೆ. ಆ ಮುದುಕನೂ ಗುಂಡಿಯ ಅಂಚಿನಲ್ಲಿ ಸೋತ ದಿನದಿಂದ ಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲವಂತೆ. ಅವತ್ತು ಭಾನುವಾರ. ಬೂಪೆ ಗೇಟಿನ ಸರಳು ಹಿಡಿದು, ಇಡೀ ಬೀದಿಗೆ ಕೇಳಿಸುವ ಹಾಗೆ ಕೂಗಿದಳು:

"ನನ್ನ ಆಳು ಎದ್ದಿದ್ದಾನೋ?"

ಒಳಗೆ ಮಂಚ ಕಿರುಗುಟ್ಟಿತು. ಆಮೇಲೆ ಕೋಲೂರುವ ಸದ್ದು, ಅದರ ಹಿಂದೆಯೇ ದನಿ.

"ಯಾವ ಮರದಿಂದ ಇಳೀತೋ ಈ ಕೋತಿ, ಬೆಳ್ಬೆಳಗ್ಗೆ?"